ಕೊಲ್ಲುತ್ತಾರೆಯೇ ಎಂದು ಕೋರ್ಟು ಕೇಳುವುದಿಲ್ಲ: ಹಾಂಗ್‌ಕಾಂಗ್‌ನಲ್ಲಿ ತಿರಸ್ಕೃತ ಆಶ್ರಯ ಅರ್ಜಿಯ ಮುಂದಿನ ದಾರಿ

ಹಾಂಗ್‌ಕಾಂಗ್‌ಗೆ ಭಾರತೀಯರಿಗೆ ವೀಸಾ ಬೇಡ, ಎರಡು ವಾರ ಆರಾಮಾಗಿ ಸುತ್ತಾಡಿ ಬರಬಹುದು ಎಂಬ ಮಾತಿದೆ. ಅದು ಅರ್ಧ ನಿಜ. 14 ದಿನಗಳ ವೀಸಾರಹಿತ ಭೇಟಿ ಈಗಲೂ ಇದೆ. ಆದರೆ 2017ರ ಜನವರಿ 23ರಿಂದ ಭಾರತೀಯರು ವಿಮಾನ ಹತ್ತುವ ಮೊದಲೇ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಿ, ಒಪ್ಪಿಗೆ ಸಿಕ್ಕರೆ ಆ ಚೀಟಿಯನ್ನು ಪ್ರಿಂಟ್ ತೆಗೆದು ಒಯ್ಯಬೇಕು. ಬೆಂಗಳೂರಿನಿಂದ ಹೊರಡುವ ಪ್ರವಾಸಿಗೆ ಇದು ಇನ್ನೊಂದು ಫಾರ್ಮಿನ ಕಿರಿಕಿರಿ, ಅಷ್ಟೆ. ನಿಯಮ ಬಂದದ್ದು ಮಾತ್ರ ಪ್ರವಾಸಿಗಳ ಕಾರಣಕ್ಕಲ್ಲ. ವೀಸಾ ಇಲ್ಲದೆ ಬಂದು, ಅವಧಿ ಮೀರಿ ಉಳಿದು, ‘ನನ್ನನ್ನು ನನ್ನ ದೇಶಕ್ಕೆ ವಾಪಸ್ ಕಳಿಸಬೇಡಿ, ಅಲ್ಲಿ ನನ್ನ ಜೀವಕ್ಕೆ ಅಪಾಯವಿದೆ’ ಎಂದು ಅರ್ಜಿ ಹಾಕುವವರಲ್ಲಿ ಭಾರತೀಯರ ಸಂಖ್ಯೆ ಆ ವರ್ಷಗಳಲ್ಲಿ ಬಹಳ ಏರಿತ್ತು.

ಆ ಅರ್ಜಿಗೆ ಕಾನೂನಿನಲ್ಲಿ ನಾನ್-ರಿಫೌಲ್‌ಮೆಂಟ್ ಅರ್ಜಿ ಎಂಬ ಹೆಸರಿದೆ. ಫ್ರೆಂಚ್ ಮೂಲದ ಪದ. ಅಪಾಯವಿರುವ ಕಡೆಗೆ ಮನುಷ್ಯನನ್ನು ಹಿಂದಕ್ಕೆ ಅಟ್ಟಬಾರದು ಎಂಬುದು ಅದರ ತಿರುಳು. ಇಂಥ ಅರ್ಜಿಗಳಲ್ಲಿ ಒಪ್ಪಿಗೆ ಸಿಗುವುದು ಸುಮಾರು ನೂರಕ್ಕೆ ಒಂದಕ್ಕೆ. ಉಳಿದವರಲ್ಲಿ ಅನೇಕರು ಕೊನೆಗೆ ಹೈಕೋರ್ಟಿನ ಮೆಟ್ಟಿಲು ಹತ್ತುತ್ತಾರೆ. ಅಲ್ಲಿ ಅವರಿಗೆ ಸಿಗುವುದೇನು, ಸಿಗದ್ದೇನು ಎಂಬುದನ್ನು ಅರ್ಜಿದಾರರೇ ಹೆಚ್ಚಾಗಿ ತಪ್ಪು ತಿಳಿದಿರುತ್ತಾರೆ. ‘ಮೇಲಿನ ಕೋರ್ಟು ನನ್ನ ಕಥೆ ಕೇಳುತ್ತದೆ’ ಎಂದುಕೊಂಡು ಹೋಗುತ್ತಾರೆ. ಆ ಕೋರ್ಟಿನ ಕೆಲಸ ಕಥೆ ಕೇಳುವುದಲ್ಲ.

ಪಹಣಿಯಲ್ಲಿ ಹೆಸರು ತಿದ್ದುವ ಜಗಳ ಕಂಡವರಿಗೆ ಇದನ್ನು ಬೇಗ ಹೇಳಬಹುದು. ತಹಶೀಲ್ದಾರರ ಆದೇಶದ ಮೇಲೆ ಎ.ಸಿ.ಗೆ ಮೇಲ್ಮನವಿ, ಅಲ್ಲಿಂದ ಡಿ.ಸಿ.ಗೆ ರಿವಿಜನ್, ಅಲ್ಲೂ ಸೋತರೆ ಹೈಕೋರ್ಟಿನಲ್ಲಿ ರಿಟ್. ಹೈಕೋರ್ಟು ಜಮೀನು ಯಾರದು ಎಂದು ತೀರ್ಮಾನಿಸಲು ಕೂರುವುದಿಲ್ಲ. ಡಿ.ಸಿ.ಯವರು ನೋಟಿಸ್ ಕೊಟ್ಟು ಎರಡೂ ಕಡೆಯವರ ಮಾತು ಕೇಳಿದರೇ, ಮುಂದಿದ್ದ ದಾಖಲೆ ನೋಡಿದರೇ, ಕಾನೂನನ್ನು ಸರಿಯಾಗಿ ಓದಿದರೇ ಎಂದಷ್ಟೇ ನೋಡುತ್ತದೆ. ತಪ್ಪಿದ್ದರೆ ಆದೇಶ ರದ್ದುಮಾಡಿ ‘ಮತ್ತೆ ವಿಚಾರಿಸಿ’ ಎಂದು ಕೆಳಗೆ ಕಳಿಸುತ್ತದೆ. ಹಾಂಗ್‌ಕಾಂಗ್‌ನ ಜುಡಿಷಿಯಲ್ ರಿವ್ಯೂ, ಅಂದರೆ ಅಧಿಕಾರಿಗಳ ತೀರ್ಮಾನವನ್ನು ಹೈಕೋರ್ಟು ಪರಿಶೀಲಿಸುವ ಕ್ರಮ, ಕೂಡ ಇದೇ ಜಾತಿಯದು. ಎರಡರ ಬೇರೂ ಇಂಗ್ಲಿಷ್ ಕಾಮನ್ ಲಾದ ಸರ್ಷಿಯೋರರಿ ರಿಟ್ಟಿನಲ್ಲಿದೆ: ಕೆಳಗಿನವರ ಆದೇಶವನ್ನು ತರಿಸಿ ನೋಡಿ, ತಪ್ಪಿದ್ದರೆ ರದ್ದುಮಾಡುವ ರಿಟ್ ಅದು.

ಆಶ್ರಯ ಕೊಡದ ಊರಿನಲ್ಲಿ ರಕ್ಷಣೆ ಹೇಗೆ ಬಂತು

1975ರಿಂದ ಮುಂದಿನ ಎರಡು ದಶಕಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ವಿಯೆಟ್ನಾಮೀಯರು ದೋಣಿಗಳಲ್ಲಿ ಹಾಂಗ್‌ಕಾಂಗ್‌ಗೆ ಬಂದಿಳಿದರು. ಕೊನೆಯ ಶಿಬಿರವಾದ ಪಿಲ್ಲರ್ ಪಾಯಿಂಟ್ ಮುಚ್ಚಿದ್ದು 2000ದಲ್ಲಿ. ಆ ಅನುಭವದ ನಂತರ ಅಲ್ಲಿನ ಸರ್ಕಾರ, ಬ್ರಿಟಿಷರದ್ದಿರಲಿ ಚೀನಾ ಅಧೀನದ್ದಿರಲಿ, ಒಂದೇ ಮಾತನ್ನು ಹಿಡಿದುಕೊಂಡಿದೆ: ನಾವು ಯಾರಿಗೂ ಆಶ್ರಯ ಕೊಡುವುದಿಲ್ಲ. 1951ರ ನಿರಾಶ್ರಿತರ ಒಪ್ಪಂದವನ್ನು ಬ್ರಿಟನ್ ಹಾಂಗ್‌ಕಾಂಗ್‌ಗೆ ವಿಸ್ತರಿಸಲಿಲ್ಲ. 1982ರಲ್ಲಿ ಚೀನಾ ಆ ಒಪ್ಪಂದಕ್ಕೆ ಸೇರಿದರೂ ಹಾಂಗ್‌ಕಾಂಗ್ ಮಾತ್ರ ಹೊರಗೇ ಉಳಿಯಿತು. ಭಾರತವೂ ಆ ಒಪ್ಪಂದದಲ್ಲಿಲ್ಲ ಎಂಬುದನ್ನು ಇಲ್ಲಿ ನೆನಪಿಡಬಹುದು.

ಆದರೆ ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದ 1992ರಿಂದ ಹಾಂಗ್‌ಕಾಂಗ್‌ಗೂ ಅನ್ವಯಿಸುತ್ತದೆ. ಅದಕ್ಕೂ ಮುಂಚೆ, 1991ರಲ್ಲಿ, ಹಕ್ಕುಗಳ ಮಸೂದೆ (ಬಿಲ್ ಆಫ್ ರೈಟ್ಸ್) ಸ್ಥಳೀಯ ಕಾನೂನಾಯಿತು. ಈ ಎರಡು ಕಿಂಡಿಗಳಿಂದಲೇ ರಕ್ಷಣೆ ಒಳಬಂತು. ತಂದದ್ದು ಶಾಸಕರಲ್ಲ, ಕೋರ್ಟುಗಳು. ಚಿತ್ರಹಿಂಸೆಯ ಭಯ ಹೇಳುವವನ ಅರ್ಜಿಯನ್ನು ಸರ್ಕಾರ ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿಯ ಮೇಲೆ ಹೊರಿಸಿ ಕೈತೊಳೆದುಕೊಳ್ಳುವಂತಿಲ್ಲ, ತಾನೇ ಪರಿಶೀಲಿಸಬೇಕು, ಅದೂ ಅತ್ಯುನ್ನತ ಮಟ್ಟದ ನ್ಯಾಯಬದ್ಧತೆಯಿಂದ ಎಂದು 2004ರಲ್ಲಿ ಶ್ರೀಲಂಕಾದ ತಮಿಳನೊಬ್ಬನ ಪ್ರಕರಣದಲ್ಲಿ ಹಾಂಗ್‌ಕಾಂಗ್‌ನ ಅತ್ಯುನ್ನತ ಕೋರ್ಟಾದ ಅಂತಿಮ ಮೇಲ್ಮನವಿ ನ್ಯಾಯಾಲಯ ಹೇಳಿತು. 2008ರ ಎಫ್‌ಬಿ (ಅರ್ಜಿದಾರನ ಹೆಸರಿನ ಬದಲು ಬಳಸಿದ ಅಕ್ಷರಗಳು) ಪ್ರಕರಣದಲ್ಲಿ ಹೈಕೋರ್ಟು ಅಂದಿನ ಪರಿಶೀಲನಾ ಕ್ರಮವನ್ನೇ ಅನ್ಯಾಯದ್ದು ಎಂದಿತು: ವಕೀಲರಿಗೆ ಪ್ರವೇಶವಿಲ್ಲ, ಸಂದರ್ಶನ ಮಾಡುವವನೊಬ್ಬ, ತೀರ್ಮಾನಿಸುವವನು ಇನ್ನೊಬ್ಬ. 2013ರ ‘ಸಿ’ ಪ್ರಕರಣದಲ್ಲಿ ಹಿಂಸೆಯ ಜೊತೆಗೆ ಕಿರುಕುಳದ, ಅಂದರೆ ಪರ್ಸಿಕ್ಯೂಷನ್ನಿನ, ಭಯವನ್ನೂ ಸರ್ಕಾರವೇ ಸ್ವತಂತ್ರವಾಗಿ ತೂಗಬೇಕು ಎಂದಾಯಿತು.

ಈ ಸಾಲಿನಲ್ಲಿ ಹೆಚ್ಚು ಕುತೂಹಲದ್ದು 2012ರ ತೀರ್ಪು. ಅರ್ಜಿದಾರ ಮಾದಕವಸ್ತು ಸಾಗಣೆಯಲ್ಲಿ ಶಿಕ್ಷೆ ಅನುಭವಿಸಿದ ನೈಜೀರಿಯಾದವನು. ಕ್ರೂರ, ಅಮಾನವೀಯ ವರ್ತನೆಗೆ ಗುರಿಯಾಗುವ ಕಡೆಗೆ ಯಾರನ್ನೂ ಕಳಿಸಬಾರದೆಂಬ ಹಕ್ಕು ನಿರಪೇಕ್ಷ, ಮನುಷ್ಯ ಎಷ್ಟೇ ಕೆಟ್ಟವನಾಗಿರಲಿ, ಅದರಲ್ಲಿ ತೂಗಿ ಅಳೆಯುವ ಮಾತೇ ಇಲ್ಲ ಎಂದಿತು ಕೋರ್ಟು. ತತ್ತ್ವ ಗೆದ್ದಿತು, ಆದರೆ ಅವನ ವಾಸ್ತವಾಂಶಗಳು ಆ ಮಟ್ಟ ಮುಟ್ಟುವುದಿಲ್ಲವೆಂದು ಅರ್ಜಿದಾರ ಸೋತ. ಇದರ ಪಕ್ಕದಲ್ಲಿ ನಮ್ಮ ಸುಪ್ರೀಂ ಕೋರ್ಟಿನ 2021ರ ರೋಹಿಂಗ್ಯಾ ಆದೇಶವನ್ನಿಟ್ಟು ನೋಡಿ. 14 ಮತ್ತು 21ನೇ ವಿಧಿಗಳು ಪರದೇಶದವರಿಗೂ ಸಲ್ಲುತ್ತವೆ, ಆದರೆ ಗಡೀಪಾರಾಗದಿರುವ ಹಕ್ಕು 19ನೇ ವಿಧಿಯ ವಾಸದ ಹಕ್ಕಿಗೆ ಅಂಟಿಕೊಂಡದ್ದು, ಅದು ನಾಗರಿಕರಿಗೆ ಮಾತ್ರ ಎಂದಿತು ಆ ಆದೇಶ. ಆಶ್ರಯವನ್ನೇ ಕೊಡೆನೆನ್ನುವ ಹಾಂಗ್‌ಕಾಂಗ್ ಈ ಒಂದು ವಿಷಯದಲ್ಲಿ ನಮಗಿಂತ ಮುಂದಿದೆ.

ಈ ತೀರ್ಪುಗಳ ಒತ್ತಡದಿಂದ 2012ರ ಡಿಸೆಂಬರ್ 3ರಂದು ಚಿತ್ರಹಿಂಸೆಯ ಅರ್ಜಿಗಳಿಗೆ ಶಾಸನಬದ್ಧ ಕ್ರಮ ಬಂತು. 2014ರ ಮಾರ್ಚ್ 3ರಿಂದ ಎಲ್ಲ ಆಧಾರಗಳನ್ನೂ ಒಟ್ಟಿಗೆ ನೋಡುವ ಏಕೀಕೃತ ಪರಿಶೀಲನಾ ವ್ಯವಸ್ಥೆ ಶುರುವಾಯಿತು.

ನಾಲ್ಕು ಆಧಾರ, ನಾಲ್ಕು ಅಳತೆಗೋಲು

ಒಂದೇ ಫಾರ್ಮು, ಆದರೆ ಅದರೊಳಗೆ ನಾಲ್ಕು ಬೇರೆ ಬೇರೆ ಕಾನೂನು ಪ್ರಶ್ನೆಗಳಿವೆ. ಕೋರ್ಟಿನಲ್ಲಿ ಗೆಲ್ಲುವ ಕೆಲವೇ ಪ್ರಕರಣಗಳಲ್ಲಿ ಒಂದಿಷ್ಟು ಗೆಲ್ಲುವುದು ಈ ನಾಲ್ಕನ್ನು ಅಧಿಕಾರಿಗಳು ಕಲಸಿಬಿಟ್ಟ ಕಾರಣಕ್ಕೆ. ಹಾಗಾಗಿ ಇಲ್ಲಿ ತುಸು ನಿಲ್ಲಬೇಕು.

ಚಿತ್ರಹಿಂಸೆ ಎನ್ನಬೇಕಾದರೆ ಅದರ ಹಿಂದೆ ಸರ್ಕಾರಿ ಅಧಿಕಾರಿಯ ಕೈ ಇರಬೇಕು, ಇಲ್ಲವೇ ಕನಿಷ್ಠ ಅವನ ಮೌನಸಮ್ಮತಿಯಾದರೂ ಇರಬೇಕು. ಬಡ್ಡಿ ಸಾಲ ಕೊಟ್ಟವನ ಗೂಂಡಾಗಳು ಹೊಡೆದರೆ ಅದು ಈ ಅರ್ಥದ ಚಿತ್ರಹಿಂಸೆಯಲ್ಲ. ಕಿರುಕುಳ ಎನ್ನಬೇಕಾದರೆ ಕಾರಣ ಐದರಲ್ಲಿ ಒಂದಾಗಿರಬೇಕು: ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ, ನಿರ್ದಿಷ್ಟ ಸಾಮಾಜಿಕ ಗುಂಪಿನ ಸದಸ್ಯತ್ವ. ಜಮೀನು ಜಗಳ ಇದರಲ್ಲೂ ಕೂರುವುದಿಲ್ಲ. ಉಳಿದದ್ದು ಹಕ್ಕುಗಳ ಮಸೂದೆಯ 2ನೇ ವಿಧಿಯ ಜೀವದ ಹಕ್ಕು ಮತ್ತು 3ನೇ ವಿಧಿಯ ಕ್ರೂರ, ಅಮಾನವೀಯ, ಅವಮಾನಕರ ವರ್ತನೆಯ ನಿಷೇಧ. ಇವಕ್ಕೆ ಸರ್ಕಾರದ ಕೈ ಬೇಡ, ಐದು ಕಾರಣಗಳೂ ಬೇಡ. ಖಾಸಗಿ ವೈರಿಯಿಂದಲೂ ಅಪಾಯ ಬರಬಹುದು. ಆದರೆ ಅಪಾಯ ತೀವ್ರವಾಗಿರಬೇಕು, ಮತ್ತು ಊರಿನ ಪೊಲೀಸರಿಂದ ರಕ್ಷಣೆ ಸಿಗುವುದಿಲ್ಲವೆಂದು ತೋರಿಸಬೇಕು.

ಈಗ ತಪ್ಪು ಹೇಗೆ ಆಗುತ್ತದೆ ನೋಡಿ. ‘ಸಾಲ ಕೊಟ್ಟವರಿಂದ ಪಾರಾಗಿ ಬಂದವನು, ಸರ್ಕಾರಕ್ಕೂ ಇದಕ್ಕೂ ಸಂಬಂಧವಿಲ್ಲ, ಆದ್ದರಿಂದ ಅರ್ಜಿ ವಜಾ’ ಎಂದು ಬರೆದರೆ ಮೊದಲ ಆಧಾರಕ್ಕೆ ಉತ್ತರ ಸಿಕ್ಕಿತು, 2 ಮತ್ತು 3ನೇ ವಿಧಿಗೆ ಸಿಗಲಿಲ್ಲ. ಇದು ಕಾನೂನಿನ ತಪ್ಪು. ‘ಅವನ ಮಾತು ನಂಬುವಂತಿಲ್ಲ’ ಎನ್ನುವುದು ವಾಸ್ತವದ ತೀರ್ಮಾನ. ಅದನ್ನು ಕೋರ್ಟಿನಲ್ಲಿ ಅಲ್ಲಾಡಿಸುವುದು ಬಲು ಕಷ್ಟ.

ಎಲ್ಲ ಆಧಾರಗಳಿಗೂ ಸಾಮಾನ್ಯವಾದದ್ದು ‘ನಿಜವಾದ ಅಪಾಯ’ ಎಂಬ ಮಟ್ಟ. ನೂರಕ್ಕೆ ಐವತ್ತೊಂದರಷ್ಟು ಸಂಭವ ಇರಬೇಕೆಂದೇನಿಲ್ಲ. ಬರೀ ಶಂಕೆಗಿಂತ, ಊಹೆಗಿಂತ ಮೇಲಿರಬೇಕು. ಈಗಿನದಾಗಿರಬೇಕು, ಆ ವ್ಯಕ್ತಿಯ ಮೇಲೇ ಇರಬೇಕು. ಹತ್ತು ವರ್ಷದ ಹಿಂದಿನ ಬೆದರಿಕೆ, ಆಮೇಲೆ ಊರಲ್ಲಿದ್ದ ಅಣ್ಣತಮ್ಮಂದಿರಿಗೆ ಏನೂ ಆಗಿಲ್ಲ ಎಂದಾದರೆ ಅಪಾಯ ಆರಿಹೋಗಿದೆ ಎಂದೇ ಓದಿಕೊಳ್ಳುತ್ತಾರೆ.

ಭಾರತದಿಂದ ಹೋದವರ ಅರ್ಜಿಗಳಿಗೆ ಅಡ್ಡಬರುವ ದೊಡ್ಡ ಬಂಡೆ ಇನ್ನೊಂದು: ದೇಶದೊಳಗೇ ಬೇರೆ ಕಡೆ ಹೋಗಿ ಬದುಕಬಹುದಲ್ಲ ಎಂಬ ಪ್ರಶ್ನೆ. ಅಮೃತಸರದಲ್ಲಿ ಬೆದರಿಕೆ ಇದ್ದರೆ ಬೆಂಗಳೂರಿಗೆ ಹೋಗಿ, ಹುಬ್ಬಳ್ಳಿಗೆ ಹೋಗಿ. ನಿಮ್ಮ ಪಕ್ಕದ ಮನೆಯ ವೈರಿ ಅಲ್ಲಿಗೆ ಹುಡುಕಿಕೊಂಡು ಬರುತ್ತಾನೆಯೇ? ಇದಕ್ಕೆ ‘ನನಗೆ ಅಲ್ಲಿ ಯಾರೂ ಗೊತ್ತಿಲ್ಲ, ಭಾಷೆ ಬರುವುದಿಲ್ಲ’ ಎಂಬ ಉತ್ತರ ಸಾಲದು. ವೈರಿಗೆ ದೇಶವಿಡೀ ಕೈ ಚಾಚುವ ಬಲ ಹೇಗಿದೆ, ಅಥವಾ ಹೊಸ ಊರಲ್ಲಿ ಬಾಳುವುದು ತನಗೆ ಯಾಕೆ ಅಸಾಧ್ಯ ಎಂದು ವಿವರವಾಗಿ ಹೇಳಬೇಕು. ಅದನ್ನು ಹೇಳಬೇಕಾದ ಜಾಗ ಫಾರ್ಮು ಮತ್ತು ಸಂದರ್ಶನ. ಕೋರ್ಟಿಗೆ ಬಂದ ಮೇಲೆ ಹೇಳಿದರೆ ತಡವಾಯಿತು.

ಕೋರ್ಟಿಗೆ ಬರುವ ಮುನ್ನ

ಈ ವ್ಯವಸ್ಥೆಯಲ್ಲಿ ಒಂದು ವಿಚಿತ್ರವಿದೆ. ವೀಸಾ ಅವಧಿ ಇನ್ನೂ ಇರುವವರು ಅರ್ಜಿ ಹಾಕುವಂತಿಲ್ಲ, ಹೊರಹಾಕಲ್ಪಡುವ ಸ್ಥಿತಿಯಲ್ಲಿರಬೇಕು. ಅಂದರೆ ರಕ್ಷಣೆ ಕೇಳಬೇಕಾದರೆ ಮೊದಲು ಕಾನೂನು ಮೀರಿ ಉಳಿದವರಾಗಬೇಕು, ಅಥವಾ ಕಳ್ಳದಾರಿಯಲ್ಲಿ ಬಂದವರಾಗಿರಬೇಕು. ಆಮೇಲೆ ‘ನೀವೇಕೆ ಬಂದ ದಿನವೇ ಕೇಳಲಿಲ್ಲ’ ಎಂಬ ಪ್ರಶ್ನೆಯೂ ಬರುತ್ತದೆ. ತಡವನ್ನೇ ಅಪನಂಬಿಕೆಗೆ ಕಾರಣ ಮಾಡುವ ಈ ಕ್ರಮ ಅಷ್ಟು ಸರಿಯಲ್ಲವೆಂದು ಹೇಳಲೇಬೇಕು.

ಬಂಧನದಲ್ಲಿಡದಿದ್ದರೆ ಅರ್ಜಿದಾರನಿಗೆ ವಲಸೆ ಇಲಾಖೆ ಒಂದು ಮುಚ್ಚಳಿಕೆ ಪತ್ರ ಕೊಡುತ್ತದೆ. ಕ್ಯಾಂಟನೀಸ್ ಮಾತಿನಲ್ಲಿ ಅದಕ್ಕೆ ‘ಹಾಂಗ್ ಗಾಯ್ ಜಿ’, ಅಂದರೆ ಬೀದಿಯಲ್ಲಿ ನಡೆಯುವ ಕಾಗದ, ಎನ್ನುತ್ತಾರೆ. ಗುರುತಿನ ಚೀಟಿಯಲ್ಲ, ವಾಸದ ಪರವಾನಗಿಯೂ ಅಲ್ಲ. ಕಚೇರಿಗೆ ಮತ್ತೆ ಯಾವ ದಿನ ಬಂದು ಹಾಜರಿ ಹಾಕಬೇಕೆಂದು ಅದರಲ್ಲಿರುತ್ತದೆ. ತಪ್ಪಿಸಿಕೊಂಡರೆ ಮತ್ತೆ ಬಂಧನ. ಕೆಲಸ ಮಾಡುವಂತಿಲ್ಲ, ಸಿಕ್ಕಿಬಿದ್ದರೆ 50,000 ಹಾಂಗ್‌ಕಾಂಗ್ ಡಾಲರ್‌ವರೆಗೆ ದಂಡ, 3 ವರ್ಷದವರೆಗೆ ಜೈಲು. ಸರ್ಕಾರದ ನೆರವಾಗಿ ವಯಸ್ಕನೊಬ್ಬನಿಗೆ ತಿಂಗಳಿಗೆ 1,500 ಡಾಲರ್ ಬಾಡಿಗೆ, 1,200 ಡಾಲರ್ ಊಟದ ಖರ್ಚು ಎಂದು 2014ರಲ್ಲಿ ಗೊತ್ತುಮಾಡಿದ್ದರು. ಜಗತ್ತಿನ ಅತಿ ದುಬಾರಿ ಬಾಡಿಗೆಯ ಊರುಗಳಲ್ಲೊಂದರಲ್ಲಿ 1,500ಕ್ಕೆ ಸಿಗುವುದು ಒಂದು ಮಂಚದಷ್ಟು ಜಾಗ.

ಅರ್ಜಿ ಫಾರ್ಮು ತುಂಬಲು ಸರ್ಕಾರದ ಖರ್ಚಿನಲ್ಲೇ ವಕೀಲರು, ದುಭಾಷಿ ಸಿಗುತ್ತಾರೆ. ಆಮೇಲೆ ಸಂದರ್ಶನ, ಪ್ರಶ್ನೆ-ಉತ್ತರಗಳೆಲ್ಲ ಸಂಖ್ಯೆ ಹಾಕಿ ಬರಹಕ್ಕಿಳಿಯುತ್ತವೆ. ನಂತರ ಲಿಖಿತ ತೀರ್ಮಾನ. ತಿರಸ್ಕರಿಸಿದರೆ 14 ದಿನಗಳೊಳಗೆ ಚಿತ್ರಹಿಂಸೆ ಅರ್ಜಿಗಳ ಮೇಲ್ಮನವಿ ಮಂಡಳಿಗೆ ಹೋಗಬೇಕು. ಹೆಸರು ಚಿತ್ರಹಿಂಸೆಯದ್ದಾದರೂ ಅದೇ ಸದಸ್ಯರು ಉಳಿದ ಆಧಾರಗಳನ್ನೂ ನೋಡುತ್ತಾರೆ. ಮೇಲ್ಮನವಿಯಲ್ಲಿ ಹುರುಳಿಲ್ಲ ಎಂದು ಸರ್ಕಾರದ ಖರ್ಚಿನ ಆ ವಕೀಲರಿಗೆ ಅನಿಸಿದರೆ ಅವರು ಅಲ್ಲಿಗೇ ನಿಲ್ಲುತ್ತಾರೆ. ಹೀಗಾಗಿ ಮಂಡಳಿಯ ಮುಂದೆ ಅನೇಕರು ಒಂಟಿಯಾಗಿಯೇ ನಿಂತಿರುತ್ತಾರೆ.

ಮಂಡಳಿಯದ್ದು ಹೊಸದಾಗಿ ನಡೆಯುವ ವಿಚಾರಣೆ. ಸಕಾರಣವಿದ್ದರೆ ಹೊಸ ಸಾಕ್ಷ್ಯ ಕೊಡಬಹುದು, ಇಲಾಖೆಯ ಅಧಿಕಾರಿಯ ತಪ್ಪನ್ನು ಇಲ್ಲಿ ಸರಿಪಡಿಸಿಕೊಳ್ಳಬಹುದು. ವಾಸ್ತವದ ಮೇಲೆ ಮನುಷ್ಯನೊಬ್ಬ ಎದುರು ಕೂತು ಕೇಳುವುದು ಇದೇ ಕೊನೆ. ಊರಿನಿಂದ ಎಫ್‌ಐಆರ್ ಪ್ರತಿ, ಆಸ್ಪತ್ರೆಯ ಕಾಗದ, ಪಂಚಾಯಿತಿಯ ಪತ್ರ ಏನೇ ತರಿಸುವುದಿದ್ದರೂ ಇಲ್ಲಿಗೇ ತರಿಸಬೇಕು.

2016ರ ಹೊತ್ತಿಗೆ ಇಲಾಖೆಯ ಮುಂದೆ ಬಾಕಿ ಇದ್ದ ಅರ್ಜಿಗಳು ಸುಮಾರು 11,000. ಅಧಿಕಾರಿಗಳನ್ನು ಹೆಚ್ಚಿಸಿ ಆ ಗುಡ್ಡ ಕರಗಿಸಿದರು. ಕಡತಗಳು ಮಂಡಳಿಗೆ ಹರಿದವು, ಅಲ್ಲಿಂದ ಹೈಕೋರ್ಟಿಗೆ. 2017ರಲ್ಲಿ ಇಂಥ ಸುಮಾರು ಸಾವಿರ ಅರ್ಜಿಗಳು ಹೈಕೋರ್ಟಿಗೆ ಬಂದರೆ 2019ರಲ್ಲಿ 3,700 ದಾಟಿದವು. ಆ ವರ್ಷ ಹೈಕೋರ್ಟಿಗೆ ಬಂದ ಜುಡಿಷಿಯಲ್ ರಿವ್ಯೂ ಅರ್ಜಿಗಳ ಪೈಕಿ ಬೇರೆ ವಿಷಯದವು ಬಹಳ ಕಡಿಮೆ ಇದ್ದವು. ಇಂದಿನ ನಿಯಮಗಳ ಬಿಗಿಯೆಲ್ಲ ಹುಟ್ಟಿದ್ದು ಈ ಪ್ರವಾಹದಿಂದ.

ಫಾರ್ಮ್ 86

ಅಡ್ಮಿರಲ್ಟಿಯ ಕ್ವೀನ್ಸ್‌ವೇ 38ರಲ್ಲಿ ಹೈಕೋರ್ಟು. ಮಂಡಳಿಯಲ್ಲಿ ಸೋತವರು ಇಲ್ಲಿ ಮೊದಲು ‘ಅನುಮತಿ’ ಕೇಳಬೇಕು. ನೇರವಾಗಿ ವಿಚಾರಣೆ ಇಲ್ಲ. ಅನುಮತಿ ಕೇಳುವ ನಮೂನೆಯೇ ಫಾರ್ಮ್ 86. ಜೊತೆಗೆ ಅದರಲ್ಲಿರುವ ಸಂಗತಿಗಳು ನಿಜವೆಂದು ಪ್ರಮಾಣ ಮಾಡುವ ಅಫಿಡವಿಟ್. ದಾಖಲಾದ ಮೇಲೆ ಎಚ್‌ಸಿಎಎಲ್ ಎಂದು ಶುರುವಾಗುವ ಸಂಖ್ಯೆ ಬೀಳುತ್ತದೆ.

ಗಡುವು: ತಡಮಾಡದೆ, ಹೇಗಿದ್ದರೂ 3 ತಿಂಗಳೊಳಗೆ. ಎಣಿಕೆ ಶುರುವಾಗುವುದು ತೀರ್ಪಿನ ದಿನಾಂಕದಿಂದ, ಅಂಚೆಯಲ್ಲಿ ಕೈ ಸೇರಿದ ದಿನದಿಂದಲ್ಲ. ಇದರಲ್ಲೇ ಎಡವುವವರು ಬಹಳ. ಕಾನೂನು ನೆರವಿಗೆ ಅರ್ಜಿ ಹಾಕಿ ಉತ್ತರಕ್ಕೆ ಕಾಯುತ್ತ ಕೂತು ಗಡುವು ಕಳೆದುಕೊಳ್ಳುವವರು ಇನ್ನೂ ಹೆಚ್ಚು. ತಡವಾದರೆ ಫಾರ್ಮಿನಲ್ಲೇ ಗಡುವು ವಿಸ್ತರಣೆ ಕೇಳಿ, ಕಾರಣವನ್ನು ಅಫಿಡವಿಟ್‌ನಲ್ಲಿ ಹೇಳಬೇಕು. ಕೋರ್ಟು ನೋಡುವುದು ಎಷ್ಟು ತಡ, ಏಕೆ ತಡ, ಎದುರು ಕಡೆಗೆ ತೊಂದರೆಯೇ, ಮತ್ತು ಅರ್ಜಿಯಲ್ಲಿ ಹುರುಳಿದೆಯೇ ಎಂಬುದನ್ನು. ‘ಕಾನೂನು ಗೊತ್ತಿರಲಿಲ್ಲ, ಕೈಯಲ್ಲಿ ದುಡ್ಡಿರಲಿಲ್ಲ’ ಎಂಬುದು ಒಂದೇ ಕಾರಣವಾದರೆ ನಡೆಯುವುದಿಲ್ಲ.

ಯಾವ ತೀರ್ಪನ್ನು ಪ್ರಶ್ನಿಸುತ್ತಿದ್ದೀರಿ ಎಂಬ ಕಾಲಂನಲ್ಲಿ ಮಂಡಳಿಯ ತೀರ್ಪಿನ ದಿನಾಂಕ ಇರಬೇಕು. ಅನೇಕರು ವಲಸೆ ಇಲಾಖೆಯ ಮೊದಲ ತೀರ್ಮಾನವನ್ನು ಬರೆಯುತ್ತಾರೆ. ಮಂಡಳಿ ಹೊಸದಾಗಿ ವಿಚಾರಿಸಿದ ಮೇಲೆ ಇಲಾಖೆಯ ತೀರ್ಮಾನ ಮುಗಿದ ಕಥೆ. ಅದರ ಮೇಲೆ ಹೋರಾಡಿ ಫಲವಿಲ್ಲ. 14 ದಿನ ದಾಟಿದ್ದಕ್ಕೆ ಮಂಡಳಿ ಮೇಲ್ಮನವಿಯನ್ನೇ ಸ್ವೀಕರಿಸದಿದ್ದರೆ ಪ್ರಶ್ನಿಸಬೇಕಾದ್ದು ಆ ನಿರಾಕರಣೆಯನ್ನು.

ಇನ್ನು ‘ಆಧಾರಗಳು’ ಎಂಬ ಕಾಲಂ. ಅರ್ಜಿಯ ಜೀವ ಇರುವುದು ಇಲ್ಲಿ. ಹೆಚ್ಚಿನವು ಸಾಯುವುದೂ ಇಲ್ಲಿಯೇ. ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ವಕೀಲರಿಲ್ಲದ ಅರ್ಜಿದಾರ ಹೀಗೆ ಬರೆದಿರುತ್ತಾನೆ:

‘ಮಂಡಳಿ ನನ್ನ ಮಾತು ನಂಬಲಿಲ್ಲ. ನಾನು ವಾಪಸ್ ಹೋದರೆ ಅವರು ನನ್ನನ್ನು ಕೊಲ್ಲುತ್ತಾರೆ. ತೀರ್ಪು ಅನ್ಯಾಯವಾದದ್ದು, ಉನ್ನತ ಮಟ್ಟದ ನ್ಯಾಯಬದ್ಧತೆ ಪಾಲಿಸಿಲ್ಲ.’

ಇದರಲ್ಲಿ ಸುಳ್ಳೇನೂ ಇಲ್ಲದಿರಬಹುದು, ಆದರೆ ನ್ಯಾಯಾಧೀಶರಿಗೆ ಹಿಡಿದುಕೊಳ್ಳಲು ಒಂದು ಎಳೆಯೂ ಇಲ್ಲ. ಅದೇ ಸಂಗತಿಯನ್ನು ಹೀಗೆ ಬರೆದರೆ:

‘ತೀರ್ಪಿನ 41ನೇ ಪ್ಯಾರಾದಲ್ಲಿ ಮಂಡಳಿ, ನಾನು ಪೊಲೀಸರಿಗೆ ಎಂದೂ ದೂರು ಕೊಟ್ಟಿಲ್ಲ ಎಂದು ಹೇಳಿ, ಅದರಿಂದ ನನ್ನ ಭಯ ನಿಜವಲ್ಲ ಎಂದು ತೀರ್ಮಾನಿಸಿದೆ. ಸಂದರ್ಶನದ 112ನೇ ಪ್ರಶ್ನೆಗೆ ನಾನು ದೂರು ಕೊಟ್ಟ ದಿನಾಂಕ ಮತ್ತು ಠಾಣೆಯ ಹೆಸರು ಹೇಳಿದ್ದೇನೆ. ದೂರಿನ ಪ್ರತಿ ಮಂಡಳಿಗೆ ಕೊಟ್ಟ ಕಡತದ 67ನೇ ಪುಟದಲ್ಲಿದೆ. ಮಂಡಳಿ ಇವೆರಡನ್ನೂ ಪ್ರಸ್ತಾಪಿಸಿಲ್ಲ.’

ಎರಡನೆಯದು ನಂಬಿ ಎಂದು ಬೇಡುತ್ತಿಲ್ಲ. ಮುಂದಿದ್ದ ಮುಖ್ಯ ಸಾಕ್ಷ್ಯವನ್ನು ಮಂಡಳಿ ಬಿಟ್ಟಿದೆ ಎಂದು ಪುಟ ತೋರಿಸಿ ಹೇಳುತ್ತಿದೆ. ಕೋರ್ಟಿಗೆ ಅರ್ಥವಾಗುವ ಭಾಷೆ ಇದು. ಇದೇ ಜಾತಿಯ ಇತರ ಆಧಾರಗಳೂ ಇವೆ. ಮೇಲೆ ಹೇಳಿದಂತೆ ಒಂದು ಕಾನೂನು ಆಧಾರವನ್ನೇ ಮರೆತಿರುವುದು. ಅರ್ಜಿದಾರನಿಗೆ ತೋರಿಸದ, ಅವನ ದೇಶದ ಪರಿಸ್ಥಿತಿ ಹೇಳುವ ವರದಿಯನ್ನು ಅವನ ವಿರುದ್ಧ ಬಳಸಿರುವುದು. ವೈದ್ಯಕೀಯ ಕಾರಣಕ್ಕೆ ಕೇಳಿದ ಮುಂದೂಡಿಕೆಯನ್ನು ಕಾರಣ ಹೇಳದೆ ನಿರಾಕರಿಸಿರುವುದು. ದುಭಾಷಿಯ ತಪ್ಪು. ಕೊನೆಯದನ್ನು ಹೇಳುವವರು ಬಹಳ, ತೋರಿಸುವವರು ಕಡಿಮೆ: ಯಾವ ಪ್ರಶ್ನೆ, ಏನು ಹೇಳಿದೆ, ಏನೆಂದು ಅನುವಾದವಾಯಿತು, ಅದರಿಂದ ತೀರ್ಪಿನ ಯಾವ ಪ್ಯಾರಾ ಕೆಟ್ಟಿತು ಎಂಬ ಸರಪಳಿ ಬೇಕು. ಧ್ವನಿಮುದ್ರಣ ಇದ್ದರೆ ಆ ಭಾಗದ ಬರಹರೂಪವನ್ನು ಲಗತ್ತಿಸಬೇಕು.

ಅಂಗಡಿಯಲ್ಲಿ ಸಿದ್ಧವಾಗಿ ಸಿಗುವಂಥ, ಹೆಸರು ಮಾತ್ರ ಬದಲಾಯಿಸಿದ ಆಧಾರಗಳ ಹಾಳೆಗಳು ಕೈಯಿಂದ ಕೈಗೆ ಓಡಾಡುತ್ತವೆ. ದುಡ್ಡು ಕೊಟ್ಟು ಬರೆಸಿಕೊಳ್ಳುವವರೂ ಇದ್ದಾರೆ. ಬೇರೆ ದೇಶದವನ ಸಂಗತಿ ಇನ್ನೊಬ್ಬನ ಅರ್ಜಿಯಲ್ಲಿ ಹಾಗೇ ಉಳಿದುಬಿಟ್ಟರೆ ನ್ಯಾಯಾಧೀಶರು ಮುಂದೆ ಓದುವ ಉತ್ಸಾಹವನ್ನೇ ಕಳೆದುಕೊಳ್ಳುತ್ತಾರೆ. ನಿಜವಾದ ಭಯವಿದ್ದವನಿಗೂ ಇದರಿಂದ ಪೆಟ್ಟು.

ನ್ಯಾಯಾಧೀಶರು ಅರ್ಜಿಯನ್ನು ಹೆಚ್ಚಾಗಿ ಕಾಗದದ ಮೇಲೇ ತೀರ್ಮಾನಿಸುತ್ತಾರೆ. ಮೌಖಿಕ ವಿಚಾರಣೆ ಬೇಕೆಂದರೆ ಫಾರ್ಮ್ 86ರಲ್ಲೇ ಕೇಳಿರಬೇಕು. ಅನುಮತಿಗೆ ಅಳತೆಗೋಲು: ವಾದಿಸಬಹುದಾದ, ಗೆಲ್ಲುವ ನೈಜ ಸಾಧ್ಯತೆಯಿರುವ ಆಧಾರ. ವಕೀಲರಿಲ್ಲದವರ ವಿಷಯದಲ್ಲಿ ಅವರು ಹೇಳದ ತಪ್ಪೇನಾದರೂ ಮಂಡಳಿಯ ತೀರ್ಪಿನಲ್ಲಿ ಎದ್ದು ಕಾಣುತ್ತದೆಯೇ ಎಂದೂ ನ್ಯಾಯಾಧೀಶರು ಸಾಮಾನ್ಯವಾಗಿ ಕಣ್ಣಾಡಿಸುತ್ತಾರೆ. ಜೀವದ ಪ್ರಶ್ನೆ ಇರುವುದರಿಂದ ಕೋರ್ಟಿನ ನೋಟ ತೀಕ್ಷ್ಣವಾಗಿರಬೇಕು ಎಂಬ ತತ್ತ್ವವೂ ಇದೆ. ಆದರೂ ಸಾಕ್ಷ್ಯಕ್ಕೆ ಎಷ್ಟು ತೂಕ, ದೇಶದ ಪರಿಸ್ಥಿತಿ ಹೇಗಿದೆ, ಪೊಲೀಸರ ರಕ್ಷಣೆ ಸಿಗುತ್ತದೆಯೇ, ಬೇರೆ ಊರಿಗೆ ಹೋಗಿ ಬದುಕಬಹುದೇ ಎಂಬುದೆಲ್ಲ ಮಂಡಳಿಯ ವಠಾರ ಎಂದು ಹೈಕೋರ್ಟಿನ ಮೇಲಿನ ಹಂತವಾದ ಮೇಲ್ಮನವಿ ನ್ಯಾಯಾಲಯ ಪದೇ ಪದೇ ಹೇಳುತ್ತ ಬಂದಿದೆ. ಕಾನೂನಿನ ತಪ್ಪು, ನಡಾವಳಿಯ ಅನ್ಯಾಯ, ಯಾವ ವಿವೇಕಿಯೂ ಮಾಡದಂಥ ತೀರ್ಮಾನ. ಇವು ಮೂರನ್ನು ಬಿಟ್ಟು ಕೋರ್ಟು ಕೈಹಾಕುವುದಿಲ್ಲ.

ಒಂದು ಸಣ್ಣ ಎಚ್ಚರಿಕೆ. ಮಂಡಳಿಯ ವಿಚಾರಣೆ ಗುಟ್ಟಿನಲ್ಲಿ ನಡೆಯುತ್ತದೆ, ಕೋರ್ಟಿನದ್ದು ಹಾಗಲ್ಲ. ತೀರ್ಪುಗಳು ನ್ಯಾಯಾಂಗದ ಜಾಲತಾಣದಲ್ಲಿ ಯಾರು ಬೇಕಾದರೂ ಓದುವಂತೆ ಪ್ರಕಟವಾಗುತ್ತವೆ. ಅನೇಕವುಗಳಲ್ಲಿ ಅರ್ಜಿದಾರನ ಪೂರ್ತಿ ಹೆಸರು, ದೇಶ, ಜಗಳದ ವಿವರ ಎಲ್ಲ ಇರುತ್ತವೆ. ಹೆಸರು ಮರೆಮಾಚಬೇಕಿದ್ದರೆ ಮೊದಲೇ ಕೇಳಿಕೊಳ್ಳಬೇಕು. ಭಯಪಡುವ ಮನುಷ್ಯನ ಹೆಸರನ್ನು ಅವನು ಭಯಪಡುವವರೇ ಹುಡುಕಿ ಓದುವಂತಾದರೆ ಹೇಗೆ ಎಂದು ಬಹಳ ಜನ ಯೋಚಿಸಿಯೇ ಇರುವುದಿಲ್ಲ.

ಅನುಮತಿ ಸಿಗದಿದ್ದರೆ

14 ದಿನಗಳೊಳಗೆ ಮೇಲ್ಮನವಿ ನ್ಯಾಯಾಲಯ. ಅಲ್ಲಿಯೂ ಸೋತರೆ ಅಂತಿಮ ಮೇಲ್ಮನವಿ ನ್ಯಾಯಾಲಯ, ಅದಕ್ಕೂ ಮೊದಲು ಅನುಮತಿ ಬೇಕು, ಗಡುವು 28 ದಿನ. ಸಾರ್ವಜನಿಕವಾಗಿ ಬಹು ಮುಖ್ಯವಾದ ಪ್ರಶ್ನೆಯಿರಬೇಕು ಎಂಬುದು ಅಲ್ಲಿನ ಮುಖ್ಯ ಮಾನದಂಡ. ಹುರುಳಿಲ್ಲದವನ್ನು ಕಾಗದದ ಮೇಲೆಯೇ ತಳ್ಳಿಹಾಕುತ್ತಾರೆ. ಮೇಲ್ಮನವಿಯಲ್ಲಿ ತೋರಿಸಬೇಕಾದ್ದು ಕೆಳಗಿನ ನ್ಯಾಯಾಧೀಶರ ತಪ್ಪನ್ನು. ಹೆಚ್ಚಿನವರು ಹಳೆಯ ಫಾರ್ಮ್ 86ನ್ನೇ ಮತ್ತೆ ನಕಲು ಮಾಡಿ ಕೊಡುತ್ತಾರೆ.

ಇವೆಲ್ಲಕ್ಕೆ ಮೊದಲು ವರ್ಷಗಳೇ ಹಿಡಿಯುತ್ತಿದ್ದವು, ಅಷ್ಟು ಕಾಲವೂ ಅರ್ಜಿದಾರ ಹಾಂಗ್‌ಕಾಂಗ್‌ನಲ್ಲೇ ಇರುತ್ತಿದ್ದ. ಸೋಲುವುದು ಗೊತ್ತಿದ್ದೂ ಮೇಲೆ ಮೇಲೆ ಹೋಗಲು ಅದೇ ಕಾರಣ ಎಂಬುದು ಸರ್ಕಾರದ ದೂರು, ಅದರಲ್ಲಿ ಸತ್ಯವಿಲ್ಲ ಎನ್ನಲಾಗದು. 2022ರ ಡಿಸೆಂಬರ್ 7ರಿಂದ ಈ ಲೆಕ್ಕ ಬದಲಾಯಿತು. ಹೈಕೋರ್ಟಿನ ಮೊದಲ ಹಂತದಲ್ಲಿ ಅನುಮತಿ ನಿರಾಕರಣೆಯಾದರೆ ಸಾಕು, ಮೇಲಿನ ಕೋರ್ಟಿನಲ್ಲಿ ಮೇಲ್ಮನವಿ ಬಾಕಿ ಇದ್ದರೂ ಇಲಾಖೆ ಹೊರಗೆ ಕಳಿಸಬಹುದು. ತಡೆಯಬೇಕೆಂದರೆ ಮೇಲ್ಮನವಿಯ ಜೊತೆಗೇ ಮಧ್ಯಂತರ ತಡೆಯಾಜ್ಞೆ ಕೇಳಬೇಕು, ಗೆಲ್ಲುವ ಸಾಧ್ಯತೆ ತೋರಿಸಬೇಕು. ದಿನಗಳ ಲೆಕ್ಕದಲ್ಲಿ ಓಡುವ ಕೆಲಸ ಅದು. ನಿರಪೇಕ್ಷ ಹಕ್ಕು ಎಂದು ಒಪ್ಪಿಕೊಂಡ ಮೇಲೆ, ಮೇಲ್ಮನವಿ ಗೆದ್ದಾಗ ಮನುಷ್ಯ ಅಪಾಯದ ಊರಿನಲ್ಲಿ ಇಳಿದಾಗಿದ್ದರೆ ಆ ಗೆಲುವಿಗೆ ಅರ್ಥವೇನು ಎಂಬ ಪ್ರಶ್ನೆಗೆ ಈ ನೀತಿಯಲ್ಲಿ ಉತ್ತರವಿಲ್ಲ.

ಮತ್ತೆ ಹೊಸ ಅರ್ಜಿ ಹಾಕಿದರಾಯಿತು ಎನ್ನುವ ದಾರಿಯೂ ಕಿರಿದು. ಮೊದಲ ಅರ್ಜಿ ಮುಗಿದ ಮೇಲೆ ಪರಿಸ್ಥಿತಿಯಲ್ಲಿ ಗಣನೀಯ ಬದಲಾವಣೆ ಆಗಿರಬೇಕು, ಹಳೆಯ ಸಂಗತಿಗಳ ಜೊತೆ ಸೇರಿಸಿ ನೋಡಿದಾಗ ಗೆಲ್ಲುವ ನೈಜ ಸಾಧ್ಯತೆ ಇರಬೇಕು. ಊರಿನಲ್ಲಿ ಸರ್ಕಾರ ಉರುಳಿ ವಿರೋಧಿ ಪಕ್ಷದವರು ಬಂದದ್ದು ಬದಲಾವಣೆಯಾದೀತು. ಹಿಂದೆಯೇ ಇದ್ದು ತರಿಸಿಕೊಳ್ಳದ ಕಾಗದವನ್ನು ಈಗ ತರಿಸಿಕೊಂಡದ್ದು ಆಗುವುದು ಕಷ್ಟ.

ಇನ್ನು ಗೆದ್ದರೆ? ಕೋರ್ಟು ಮಂಡಳಿಯ ತೀರ್ಪನ್ನು ರದ್ದುಮಾಡುತ್ತದೆ, ಬೇರೊಬ್ಬ ಸದಸ್ಯರ ಮುಂದೆ ಹೊಸ ವಿಚಾರಣೆಗೆ ಕಳಿಸುತ್ತದೆ. ರಕ್ಷಣೆ ಕೊಡುವ ಅಧಿಕಾರ ಕೋರ್ಟು ತೆಗೆದುಕೊಳ್ಳುವುದಿಲ್ಲ. ಹೊಸ ಸದಸ್ಯರು ಮೊದಲಿನವರ ತಪ್ಪನ್ನು ಮಾಡದೆ, ಎಲ್ಲ ಕಾಗದಗಳನ್ನೂ ನೋಡಿ, ಎಲ್ಲ ಆಧಾರಗಳನ್ನೂ ಚರ್ಚಿಸಿ, ಮತ್ತೆ ತಿರಸ್ಕರಿಸಬಹುದು. ಒಪ್ಪಿದರೂ ಹಾಂಗ್‌ಕಾಂಗ್‌ನ ವಾಸದ ಹಕ್ಕು ಬರುವುದಿಲ್ಲ. ಕಿರುಕುಳದ ಆಧಾರದಲ್ಲಿ ಗೆದ್ದವರನ್ನು ಮೂರನೆಯ ದೇಶಕ್ಕೆ ಕಳಿಸುವ ಯತ್ನವನ್ನು ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿ ಮಾಡುತ್ತದೆ. ಉಳಿದ ಆಧಾರಗಳಲ್ಲಿ ಗೆದ್ದವರು ಅಪಾಯ ಇರುವಷ್ಟು ಕಾಲ ಅಲ್ಲೇ ಇರುತ್ತಾರೆ. ಕೆಲಸ ಮಾಡುವ ಹಕ್ಕು ಅವರಿಗೂ ಇಲ್ಲವೆಂದು 2014ರ ಜಿಎ ಪ್ರಕರಣದಲ್ಲಿ ಅಂತಿಮ ಮೇಲ್ಮನವಿ ನ್ಯಾಯಾಲಯ ಹೇಳಿದೆ. ಕೇಳಿಕೊಂಡರೆ ಇಲಾಖೆ ನಿಗದಿತ ಅವಧಿಗೆ ಅನುಮತಿ ಕೊಡಬಹುದು, ಅವಧಿ ಮುಗಿದಾಗ ಮತ್ತೆ ಕೇಳಬೇಕು. ಜೇಬಿನಲ್ಲಿ ಅದೇ ಬೀದಿಯಲ್ಲಿ ನಡೆಯುವ ಕಾಗದ, ಅದರಲ್ಲಿ ಮುಂದಿನ ಹಾಜರಿಯ ದಿನಾಂಕ.